ಒಂದು ಮತಗಟ್ಟೆಗೆ ಎಷ್ಟು ಜನ? ಗಡಿನಾಡ ಯುವಜನರು ಹಾಕಲೇಬೇಕಾದ ಲೆಕ್ಕ

(ಗಡಿನಾಡ ಕನ್ನಡ ಯುವಜನರ ಸಭೆಯಲ್ಲಿ ಆಡಿದ ಮಾತುಗಳು. ಬರಹದಲ್ಲಿ ಬೇಕು ಅಂತ ಹಲವರು ಕೇಳಿದ್ದರಿಂದ ಇಲ್ಲಿ ಹಾಕಿದ್ದೇವೆ.)



ನಾವು ಭಾಷಣಕಾರರಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಚಲನ್ ನೋಡುವವರು. ಓದಿದ್ದು ಕಾಮರ್ಸು. ನಮ್ಮ ಊರು ತಾಳವಾಡಿ ಕಡೆಯ ಕಾಡಂಚಿನಲ್ಲಿ, ಕೆಲಸ ಹೊಸೂರಿನ ಕಡೆ. ಹಾಗಾಗಿ ಇವತ್ತು ನಾವು ಮಾತಾಡೋದು ಕಾವ್ಯವಲ್ಲ, ಲೆಕ್ಕ. ಆದರೆ ಈ ಲೆಕ್ಕ ತಪ್ಪಿದರೆ ನಮ್ಮ ಮನೆಯ ಹಿರಿಯರ ಓಟು ತಪ್ಪುತ್ತದೆ. ಅದಕ್ಕೇ ಸ್ವಲ್ಪ ಸಹಿಸಿಕೊಂಡು ಕೇಳಿ.

ಚುನಾವಣೆ ಬಂದಾಗ ಬ್ಯಾಂಕಿನವರಿಗೂ ಡ್ಯೂಟಿ ಬೀಳುತ್ತದೆ, ನಿಮಗೆ ಗೊತ್ತು. ಒಂದು ಸಲ ನಮಗೆ ಬಿದ್ದದ್ದು ಕನ್ನಡ ಆಡುವ ಒಂದು ಗಡಿ ಹಳ್ಳಿಯ ಶಾಲೆಯಲ್ಲಿ. ಮತಗಟ್ಟೆಯೊಳಗೆ ಮೊದಲನೇ ಅಧಿಕಾರಿ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ಗಟ್ಟಿಯಾಗಿ ಓದುತ್ತಾರೆ. ಎರಡನೆಯವರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಬೆರಳಿಗೆ ಶಾಯಿ ಹಚ್ಚುತ್ತಾರೆ. ಮೂರನೆಯವರು ಯಂತ್ರದ ಬಟನ್ ಒತ್ತಿ ಓಟು ಹಾಕಲು ಬಿಡುತ್ತಾರೆ. ನಾವು ಎರಡನೆಯವರಾಗಿ ಕೂತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ಒಬ್ಬರು ತಾತ ಬಂದರು. ಬಿಸಿಲಲ್ಲಿ ಎರಡು ಗಂಟೆ ನಿಂತು ಬಂದಿದ್ದರು. ಮೊದಲನೇ ಅಧಿಕಾರಿ "ಪಸವಣ್ಣ" ಅಂತ ಓದಿದರು. ತಾತ ಸುಮ್ಮನೆ ನಿಂತರು. ಮತ್ತೆ "ಪಸವಣ್ಣ" ಅಂದರು. ತಾತ ಹಿಂದಕ್ಕೆ ತಿರುಗಿ, ಯಾರನ್ನೋ ಕರೀತಿದ್ದಾರೆ ಅಂತ ನೋಡಿದರು. ಆಮೇಲೆ ಕೈಯಲ್ಲಿದ್ದ ಕಾರ್ಡು ತೋರಿಸಿ, "ನಾನು ಬಸವಣ್ಣ ಕಣಪ್ಪಾ, ಈ ಪಸವಣ್ಣ ಯಾರೋ ನಂಗೊತ್ತಿಲ್ಲ" ಅಂದರು. ಏಜೆಂಟರೊಬ್ಬರು ಎದ್ದು ಆಕ್ಷೇಪ ಎತ್ತಿದರು. ಅಧಿಕಾರಿಗೆ ಕನ್ನಡ ಬಾರದು, ತಾತನಿಗೆ ತಮಿಳು ಅರ್ಧಂಬರ್ಧ. ನಾವು ಎದ್ದು ನಡುವೆ ಮಾತು ದಾಟಿಸಿದೆವು. ಕೊನೆಗೆ ಪ್ರಿಸೈಡಿಂಗ್ ಆಫೀಸರು ಫೋಟೊ, ತಂದೆ ಹೆಸರು, ಮನೆ ನಂಬರ್ ಎಲ್ಲ ಹೊಂದಿಸಿ ನೋಡಿ, ಸಣ್ಣಪುಟ್ಟ ಅಕ್ಷರ ವ್ಯತ್ಯಾಸಕ್ಕೆ ಯಾರನ್ನೂ ವಾಪಸ್ ಕಳಿಸಬಾರದು ಅಂತ ಹೇಳಿ ಓಟು ಹಾಕಿಸಿದರು. ಒಳ್ಳೆಯ ಮನುಷ್ಯ. ತಪ್ಪು ಅವರದ್ದಲ್ಲ, ಓದಿದವರದ್ದೂ ಅಲ್ಲ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಇದ್ದದ್ದನ್ನು ಇದ್ದ ಹಾಗೆ ಓದಿದ್ದರು ಅಷ್ಟೇ.

ಆದರೆ ಇಷ್ಟಕ್ಕೆ ಆರು ನಿಮಿಷ ಹೋಯಿತು. ಹೊರಗೆ ಸಾಲಿನಲ್ಲಿದ್ದ ಮೂವರು ಹೆಂಗಸರು ಬಸ್ ತಪ್ಪುತ್ತದೆ ಅಂತ ಹೊರಟುಹೋದರು. ಅವರು ಮತ್ತೆ ಬಂದದ್ದನ್ನು ನಾವು ನೋಡಲಿಲ್ಲ. ತಾತನ ಓಟು ಉಳಿಯಿತು, ಮೂರು ಓಟು ಹೋಯಿತು. ಆ ಮೂರು ಯಾವ ದಾಖಲೆಯಲ್ಲೂ ಬರುವುದಿಲ್ಲ. ಮತದಾನ ಶಾಂತಿಯುತ ಅಂತ ಮಾತ್ರ ವರದಿ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ.

ಲೋಕಸಭೆ, ವಿಧಾನಸಭೆ ಚುನಾವಣೆ ನಡೆಯುವುದು ಕೇಂದ್ರದ ಕಾನೂನಿನಲ್ಲಿ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 25ನೇ ಕಲಂ ಪ್ರಕಾರ ಜಿಲ್ಲಾ ಚುನಾವಣಾಧಿಕಾರಿ ಆಯೋಗದ ಒಪ್ಪಿಗೆ ಪಡೆದು "ಸಾಕಾಗುವಷ್ಟು" ಮತಗಟ್ಟೆ ಒದಗಿಸಬೇಕು. ಸಾಕಾಗುವಷ್ಟು ಅಂದರೆ ಎಷ್ಟು? ಆ ಸಂಖ್ಯೆ ಕಾಯ್ದೆಯಲ್ಲಿಲ್ಲ. ಅದನ್ನು ಆಯೋಗ ತನ್ನ ಸೂಚನೆಗಳಲ್ಲಿ ಹೇಳುತ್ತದೆ, ಕಾಲಕಾಲಕ್ಕೆ ಬದಲಾಯಿಸುತ್ತದೆ. 2020ರ ಕೊರೊನಾ ಕಾಲದ ಬಿಹಾರ ಚುನಾವಣೆಗೆ ಮತಗಟ್ಟೆಗೆ 1,000 ಮಂದಿ ಅಂತ ಇಳಿಸಿದ್ದರು. 2024ರಲ್ಲಿ 1,500ರ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2025ರಲ್ಲಿ ಆಯೋಗವೇ ಮಿತಿಯನ್ನು 1,200ಕ್ಕೆ ತಂದಿತು. ಮೊದಲು ಜಾರಿಯಾದದ್ದು ಬಿಹಾರದಲ್ಲಿ. ಅಲ್ಲಿ 12,817 ಹೊಸ ಮತಗಟ್ಟೆ ಸೇರಿ ಒಟ್ಟು 90,712 ಆದವು.

ಈ 1,500 ಮತ್ತು 1,200 ನಡುವಿನ ವ್ಯತ್ಯಾಸ ಏನು? ತಮಿಳುನಾಡಿನಲ್ಲಿ 2024ರಲ್ಲಿ ಮತದಾನ ಬೆಳಿಗ್ಗೆ 7ರಿಂದ ಸಂಜೆ 6ರ ತನಕ ಇತ್ತು. 11 ಗಂಟೆ, ಅಂದರೆ 39,600 ಸೆಕೆಂಡು. 1,500 ಮಂದಿಯಲ್ಲಿ ನೂರಕ್ಕೆ 75 ಮಂದಿ ಬಂದರೂ 1,125 ಜನ. ತಲೆಗೆ ಸಿಗುವುದು 35 ಸೆಕೆಂಡು. 1,200 ಆದರೆ 900 ಜನ, ತಲೆಗೆ 44 ಸೆಕೆಂಡು. ಇದರಲ್ಲಿ ಓಟಿನ ಚೀಟಿ ಗಾಜಿನ ಹಿಂದೆ ಕಾಣಿಸಿಕೊಳ್ಳುವುದಕ್ಕೇ 7 ಸೆಕೆಂಡು ಬೇಕು. ಉಳಿದದ್ದರಲ್ಲಿ ಹೆಸರು ಹುಡುಕಬೇಕು, ಸಹಿ, ಶಾಯಿ, ಬಟನ್. ನಮ್ಮ ಕ್ಯಾಶ್ ಕೌಂಟರಿನಲ್ಲೂ ಒಬ್ಬರಿಗೆ 44 ಸೆಕೆಂಡು ಸಿಗುವುದಿಲ್ಲ ಅಂದರೆ ಗ್ರಾಹಕರು ಜಗಳಕ್ಕೆ ಬರುತ್ತಾರೆ!

ಈಗ ತಾತನ ಆರು ನಿಮಿಷವನ್ನು ಇಲ್ಲಿ ಇಡಿ. ಒಂದು ಮತಗಟ್ಟೆಯಲ್ಲಿ ಇಂಥ ಹತ್ತು ಮಂದಿ ಇದ್ದು, ಒಬ್ಬೊಬ್ಬರಿಗೂ ಐದು ನಿಮಿಷ ಹೆಚ್ಚು ಹಿಡಿದರೆ 50 ನಿಮಿಷ. 44 ಸೆಕೆಂಡಿನ ಲೆಕ್ಕದಲ್ಲಿ ಅದು 68 ಜನರ ಸಮಯ. 68 ಓಟು ಏನು ಮಹಾ ಅನ್ನಬೇಡಿ. ಕಾಸರಗೋಡಿನ ಗೆಳೆಯರಿಗೆ ಗೊತ್ತು, 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ನಿರ್ಧಾರವಾದದ್ದು ಬರೀ 89 ಓಟಿನ ಅಂತರದಲ್ಲಿ.

ನಾವು ಹೇಳಬೇಕೆಂದಿರುವುದು ಇದೊಂದೇ ಮಾತು. ಮತಗಟ್ಟೆಗೆ ಎಷ್ಟು ಜನ ಅನ್ನುವಾಗ ಕಾನೂನು ತಲೆ ಎಣಿಸುತ್ತದೆ, ದೂರ ಅಳೆಯುತ್ತದೆ. ಆದರೆ ಭಾಷೆ ಹೊಂದದಿದ್ದರೆ ಅದೇ ಮತಗಟ್ಟೆ ಸಣ್ಣದಾಗುತ್ತದೆ. ಕನ್ನಡ ಊರಿನ 1,200 ಮಂದಿ, ಅಧಿಕಾರಿಯ ಭಾಷೆಯನ್ನೇ ಆಡುವ ಊರಿನ 1,200 ಮಂದಿ, ಇಬ್ಬರದ್ದೂ ಒಂದೇ ಸಾಲಲ್ಲ. ಇದನ್ನು ಹೇಳುವವರು ನಾವೇ ಆಗಬೇಕು. ಬೇರೆಯವರಿಗೆ ಇದು ಕಾಣಿಸುವುದೇ ಇಲ್ಲ.

ಇದೇನು ಹೊಸ ತಕರಾರು ಅನ್ನುವವರಿಗೆ ಎರಡು ಉದಾಹರಣೆ ಹೇಳುತ್ತೇವೆ. ಎರಡೂ ಅಮೆರಿಕದವು. ಅಲ್ಲಿ ಚುನಾವಣೆಯ ಬಹುಪಾಲು ಕಾನೂನನ್ನು ಆಯಾ ರಾಜ್ಯಗಳೇ ಮಾಡುತ್ತವೆ. 2020ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತದ್ದು ದೊಡ್ಡ ಸುದ್ದಿಯಾಯಿತು. 2021ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. 2,000ಕ್ಕಿಂತ ಹೆಚ್ಚು ಮತದಾರರಿರುವ ಮತಗಟ್ಟೆಯಲ್ಲಿ ಕಾಯುವ ಹೊತ್ತು ಒಂದು ಗಂಟೆ ಮೀರಿದರೆ, ಮುಂದಿನ ಸಲಕ್ಕೆ ಅದನ್ನು ಒಡೆದು ಚಿಕ್ಕದು ಮಾಡಬೇಕು, ಇಲ್ಲವೇ ಯಂತ್ರ, ಸಿಬ್ಬಂದಿ ಹೆಚ್ಚಿಸಬೇಕು. ಬೆಳಿಗ್ಗೆ, ಮಧ್ಯಾಹ್ನ, ಮುಗಿಯುವ ಮುನ್ನ, ಹೀಗೆ ಮೂರು ಸಲ ಕಾಯುವ ಹೊತ್ತನ್ನು ಅಳೆಯಬೇಕು. ತಲೆಯ ಜೊತೆ ಗಡಿಯಾರವನ್ನೂ ನೋಡುವ ಕಾನೂನು ಅದು. ಹಾಗಂತ ಅದೇನು ಪುಣ್ಯದ ಕಾನೂನಲ್ಲ. ಅದೇ ಕಾನೂನು, ಸಾಲಿನಲ್ಲಿ ನಿಂತವರಿಗೆ ಬೇರೆಯವರು ನೀರು, ತಿಂಡಿ ಕೊಡುವುದನ್ನು ನಿಷೇಧಿಸಿ ದೇಶವೆಲ್ಲ ಬೈಸಿಕೊಂಡಿತು. ಒಂದೇ ಕಾನೂನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳಬಹುದು. ಅದಕ್ಕೇ ಪೂರ್ತಿ ಓದಬೇಕು ಅನ್ನೋದು.

ಇನ್ನೊಂದು ಅಲ್ಲಿನ ಕೇಂದ್ರದ ಮತದಾನ ಹಕ್ಕು ಕಾಯ್ದೆ. 1975ರಲ್ಲಿ ಅದಕ್ಕೆ ಭಾಷೆಯ ಕಲಂ ಸೇರಿತು. ಒಂದು ಕೌಂಟಿಯಲ್ಲಿ, ಕಾಯ್ದೆ ಹೆಸರಿಸಿದ ಒಂದು ಭಾಷಾ ಗುಂಪಿನ, ಇಂಗ್ಲಿಷ್ ಸರಿಯಾಗಿ ಬಾರದ ಮತದಾರ ವಯಸ್ಸಿನ ನಾಗರಿಕರು 10,000 ಮೀರಿದರೆ ಅಥವಾ ನೂರಕ್ಕೆ 5 ಮೀರಿದರೆ, ಸಾಕ್ಷರತೆಯ ಇನ್ನೊಂದು ಷರತ್ತೂ ಸೇರಿ, ಮತಪತ್ರ ಮತ್ತು ಸಹಾಯ ಅವರ ಭಾಷೆಯಲ್ಲಿ ಸಿಗಲೇಬೇಕು. ಹಾಗೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿಯಲ್ಲಿ ಮತಪತ್ರ ಬಂತು. ಅವರು ಸಮುದ್ರ ದಾಟಿ ಹೋದವರು. ನಾವು ಎಲ್ಲಿಗೂ ಹೋದವರಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಇದ್ದಲ್ಲೇ ಇದ್ದೆವು.

ನಮ್ಮ ಕಾನೂನಿನಲ್ಲಿ ಭಾಷೆಗೆ ಜಾಗವೇ ಇಲ್ಲವೇ? ಇದೆ. 1960ರ ಮತದಾರರ ನೋಂದಣಿ ನಿಯಮ, 1961ರ ಚುನಾವಣೆ ನಡೆಸುವ ನಿಯಮ ಎರಡರಲ್ಲೂ ಪಟ್ಟಿ, ಮತಯಂತ್ರದ ಮೇಲಿನ ವಿವರ "ಆಯೋಗ ಹೇಳುವ ಭಾಷೆ ಅಥವಾ ಭಾಷೆಗಳಲ್ಲಿ" ಇರಬೇಕು ಅಂತಿದೆ. "ಭಾಷೆಗಳಲ್ಲಿ" ಅನ್ನುವ ಬಹುವಚನ ನೋಡಿ, ಅದು ನಮ್ಮ ಬಾಗಿಲು. ಪಂಚಾಯಿತಿ ಚುನಾವಣೆಯಲ್ಲಿ ಕೇರಳ ಈ ಬಾಗಿಲು ತೆರೆದಿದೆ, ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ಮತಪತ್ರದ ಮೇಲೆ ಮಲಯಾಳದ ಜೊತೆ ಕನ್ನಡವೂ ಇರುತ್ತದೆ. ಒಂದು ಕಡೆ ಆಗುವುದು ಇನ್ನೊಂದು ಕಡೆ ಯಾಕಾಗಬಾರದು?

ಇಲ್ಲೊಂದು ವಿಷಯ ನೆನಪಿಡಿ. ಪಂಚಾಯಿತಿ ಚುನಾವಣೆ ಬೇರೆ. ಸಂವಿಧಾನದ 243ಕೆ ವಿಧಿಯಂತೆ ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಕಾನೂನು ಮಾಡುವುದು ರಾಜ್ಯದ ವಿಧಾನಸಭೆ. ತಮಿಳುನಾಡು, ಕೇರಳ, ಆಂಧ್ರ, ಗೋವಾದಲ್ಲಿ 1994ರ ಪಂಚಾಯಿತಿ ಕಾಯ್ದೆಗಳು, ಮಹಾರಾಷ್ಟ್ರದಲ್ಲಿ 1958ರ ಗ್ರಾಮ ಪಂಚಾಯಿತಿ ಕಾಯ್ದೆ, ತೆಲಂಗಾಣದಲ್ಲಿ 2018ರದ್ದು. ಕೇರಳದಲ್ಲಿ ಪಂಚಾಯಿತಿಗೆ ಮತದಾರರ ಪಟ್ಟಿಯೇ ಬೇರೆ. ವಿಧಾನಸಭೆ ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ಮನಿದ್ದು ಪಂಚಾಯಿತಿ ದಿನ ವಾಪಸ್ ಬಂದವರು ನಿಮ್ಮಲ್ಲೇ ಇರಬಹುದು.

ಈಗ ನಮ್ಮದೇ ತಪ್ಪು ಹೇಳುತ್ತೇವೆ. ನಮ್ಮ ಊರಿನಿಂದ ಸ್ವಲ್ಪ ಒಳಗೆ ಒಂದು ಸಣ್ಣ ಕೇರಿ ಇದೆ. ಅವರಿಗೆ ಮತಗಟ್ಟೆ ಕಾಡುದಾರಿಯ ಆಚೆ. ಸಾಮಾನ್ಯವಾಗಿ ಮತದಾರ 2 ಕಿಲೋಮೀಟರಿಗಿಂತ ಹೆಚ್ಚು ನಡೆಯುವ ಹಾಗೆ ಇರಬಾರದು ಅನ್ನುವುದು ಆಯೋಗದ ಸೂಚನೆ. ಗೀರ್ ಕಾಡಿನ ಬಾನೇಜ್‌ನಲ್ಲಿ ಒಬ್ಬರೇ ಮತದಾರರಿಗೆ, ಅರುಣಾಚಲದ ಮಾಲೋಗಾಮ್‌ನಲ್ಲಿ ಒಬ್ಬರೇ ಹೆಂಗಸಿಗೆ ಮತಗಟ್ಟೆ ಹಾಕಿದ ದೇಶ ನಮ್ಮದು. ಆದರೆ ನಮ್ಮ ಕೇರಿಯ ಅವ್ವಂದಿರು ಆನೆ ಓಡಾಡುವ ದಾರಿಯಲ್ಲಿ ಬೆಳಕು ಇಳಿಯುವ ಮುಂಚೆ ಮನೆ ಸೇರಬೇಕು. ಸಾಲು ಉದ್ದ ಇದ್ದರೆ ಅವರು ವಾಪಸ್. ನಾವು ನಾಲ್ಕು ಜನ ಸೇರಿ ಚೆನ್ನಾದ ಅರ್ಜಿ ಬರೆದೆವು. ಸಹಿ ಸಂಗ್ರಹಿಸಿದೆವು. ಕಚೇರಿಗೆ ಹೋದರೆ ಅಲ್ಲಿದ್ದವರು, "ಮತಗಟ್ಟೆ ಪಟ್ಟಿ ಫೈನಲ್ ಆಗಿ ಹೋಗಿದೆ, ಒಂಬತ್ತು ದಿನ ಮುಂಚೆ ಬರಬೇಕಿತ್ತು" ಅಂದರು. ಅವರು ಹೇಳಿದ್ದು ನಿಜ. ಕರಡು ಪಟ್ಟಿ ಹಾಕಿದ್ದರು, ಆಕ್ಷೇಪಣೆಗೆ ಸುಮಾರು ಒಂದು ವಾರ ಕೊಟ್ಟಿದ್ದರು. ನೋಟಿಸ್ ಗೋಡೆ ಮೇಲಿತ್ತು, ನಮಗೆ ಓದಲು ಬಾರದ ಭಾಷೆಯಲ್ಲಲ್ಲ, ನಾವು ನೋಡದ ಗೋಡೆಯ ಮೇಲೆ. ಆ ವಾರ ನಾವು ರಾಜ್ಯೋತ್ಸವದ ಬ್ಯಾನರ್ ಕಟ್ಟುತ್ತಿದ್ದೆವು. ನಗಬೇಡಿ, ಹಾಗೇ ಆದದ್ದು.

ಮುಂದಿನ ಸಲ ಆ ವಾರವನ್ನು ಕಾದು ಹಿಡಿದೆವು. ಭಾವನೆಯ ಮಾತು ಬರೆಯಲಿಲ್ಲ. ಕೇರಿಯ ಮತದಾರರು ಎಷ್ಟು, 60 ದಾಟಿದವರು ಎಷ್ಟು, ನಡೆದು ಹೋಗುವ ದಾರಿ ಎಷ್ಟು, ಕೊನೆಯ ಬಸ್ ಎಷ್ಟು ಗಂಟೆಗೆ, ಕನ್ನಡ ಮಾತ್ರ ಬಲ್ಲವರು ಎಷ್ಟು, ಎಲ್ಲ ಒಂದು ಹಾಳೆಯಲ್ಲಿ. ಒಬ್ಬ ಅಧಿಕಾರಿ ಬಂದು ನಮ್ಮ ಜೊತೆ ಆ ದಾರಿಯನ್ನು ನಡೆದು ನೋಡಿದರು. ಪ್ರತ್ಯೇಕ ಮತಗಟ್ಟೆ ಇನ್ನೂ ಸಿಕ್ಕಿಲ್ಲ. ಆದರೆ ದಾರಿ ಸರ್ಕಾರದ ಕಡತದೊಳಗೆ ಬಂತು. ಬ್ಯಾಂಕಿನಲ್ಲಿ ನಾವು ಹೇಳುವ ಹಾಗೆ, ಎಂಟ್ರಿ ಬಿದ್ದರೆ ಮಾತ್ರ ಬ್ಯಾಲೆನ್ಸ್ ಕೇಳಬಹುದು.

ಹಾಗಾದರೆ ನೀವು ಏನು ಮಾಡಬೇಕು? ನಾಲ್ಕು ಕೆಲಸ ಹೇಳುತ್ತೇವೆ.

ಮೊದಲನೆಯದು, ನಿಮ್ಮ ಮತಗಟ್ಟೆಯ ಜಾತಕ ಬರೆಯಿರಿ. ಭಾಗದ ಸಂಖ್ಯೆ, ಒಟ್ಟು ಮತದಾರರು, ಅತಿ ದೂರದ ಮನೆ ಎಷ್ಟು ದೂರ, ನಡುವೆ ಹಳ್ಳ, ಕಾಡು, ಹೆದ್ದಾರಿ ಇದೆಯೇ, ಇಳಿಜಾರು ದಾರಿ, ನೀರು, ನೆರಳು ಇದೆಯೇ. ಮತದಾನದ ದಿನ ಮೂರು ಸಲ, ಮತಗಟ್ಟೆಯ ಹೊರಗೆ, ಯಾರಿಗೂ ತೊಂದರೆ ಕೊಡದೆ, ಓಟು ಹಾಕಿ ಬಂದವರನ್ನು ಎಷ್ಟು ಹೊತ್ತು ನಿಂತಿರಿ ಅಂತ ಕೇಳಿ ಬರೆದಿಡಿ. ಯಾರಿಗೆ ಹಾಕಿದಿರಿ ಅಂತ ಮಾತ್ರ ಕೇಳಬೇಡಿ. 100 ಮೀಟರ್ ಒಳಗೆ ಪ್ರಚಾರದ ವಾಸನೆಯೂ ಬೇಡ.

ಎರಡನೆಯದು, ಹೆಸರು. ತಮಿಳು ಲಿಪಿಯಲ್ಲಿ ಗೌರಮ್ಮ ಕೌರಮ್ಮ ಆಗುತ್ತಾರೆ, ದೇವಮ್ಮ ತೇವಮ್ಮ ಆಗುತ್ತಾರೆ. ಜತ್ತ, ಅಕ್ಕಲಕೋಟೆ ಕಡೆ ದೇವನಾಗರಿಯಲ್ಲಿ ಹ್ರಸ್ವ ಎ, ಒ ಇಲ್ಲದೆ ಹೊನ್ನವ್ವ ಹೋನ್ನವ್ವ ಆಗುತ್ತಾರೆ. ಮಡಕಶಿರಾ, ರಾಯದುರ್ಗದವರಿಗೆ ಅಕ್ಷರದ ಕಷ್ಟ ಇಲ್ಲ, ಆದರೆ ಮನೆಹೆಸರು ಮುಂದೆ ಬಂದು ಹೆಸರು ಹಿಂದೆ ಹೋಗುತ್ತದೆ. ಅದೇ ತಪ್ಪು ಆಮೇಲೆ ಇಂಗ್ಲಿಷಿಗೂ ಇಳಿಯುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿಗೂ ವೋಟರ್ ಕಾರ್ಡಿಗೂ ತಾಳೆ ಆಗದೆ ಪಿಂಚಣಿ ನಿಂತ ಅವ್ವಂದಿರನ್ನು ನಾವು ಕೌಂಟರಿನಲ್ಲಿ ನೋಡುತ್ತಲೇ ಇರುತ್ತೇವೆ. 2025ರ ನವೆಂಬರಿನಲ್ಲಿ ತಮಿಳುನಾಡು, ಕೇರಳ, ಗೋವಾ ಸೇರಿ 12 ಕಡೆ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾದಾಗ ಹಳೆಯ ಪಟ್ಟಿಯ ಹೆಸರಿಗೆ ಹೊಸ ಹೆಸರು ಹೊಂದಿಸಬೇಕಾಯಿತು. ಅಲ್ಲಿ ಒಂದಕ್ಷರವೂ ಲೆಕ್ಕವೇ. ತಿದ್ದುಪಡಿಗೆ ನಮೂನೆ 8, ಹೊಸಬರಿಗೆ ನಮೂನೆ 6. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ವರ್ಷಕ್ಕೆ ನಾಲ್ಕು ಅರ್ಹತಾ ದಿನ ಇವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಭಾನುವಾರ ಒಂದು ಬೀದಿಯ ಹಾಗೆ ಮನೆಮನೆಗೆ ಹೋಗಿ ಹಿರಿಯರ ಕಾರ್ಡು ಓದಿ. ಇದು ನಿಮ್ಮಿಂದ ಮಾತ್ರ ಆಗುವ ಕೆಲಸ, ಯಾಕೆಂದರೆ ನಿಮಗೆ ಎರಡೂ ಲಿಪಿ ಬರುತ್ತದೆ.

ಮೂರನೆಯದು, ಆ ಒಂದು ವಾರ. ಮತಗಟ್ಟೆಯ ಕರಡು ಪಟ್ಟಿ ಯಾವಾಗ ಬರುತ್ತದೆ ಅಂತ ನಿಮ್ಮ ಬಿಎಲ್‌ಒ ಅಣ್ಣನನ್ನೋ ಅಕ್ಕನನ್ನೋ ತಿಂಗಳಿಗೊಮ್ಮೆ ಕೇಳಿ. ಬಂದ ಕೂಡಲೇ ಅರ್ಜಿ ಕೊಡಿ. ಮತದಾರರು ಹೆಚ್ಚಿದ್ದರೆ ಇನ್ನೊಂದು ಮತಗಟ್ಟೆ ಕೇಳಿ. ಕನ್ನಡ ಬಲ್ಲ ಒಬ್ಬ ಮತಗಟ್ಟೆ ಅಧಿಕಾರಿ ಬೇಕು, ಸೂಚನಾ ಫಲಕ ಕನ್ನಡದಲ್ಲೂ ಬೇಕು ಅಂತ ಕೇಳಿ. ಸಂವಿಧಾನದ 350ನೇ ವಿಧಿಯಂತೆ ನಿಮ್ಮ ಅಹವಾಲನ್ನು ಯಾವ ಅಧಿಕಾರಿಗೇ ಆಗಲಿ ಕನ್ನಡದಲ್ಲೇ ಕೊಡುವ ಹಕ್ಕು ನಿಮಗಿದೆ. ಕನ್ನಡದಲ್ಲಿ ಕೊಡಿ, ಜೊತೆಗೆ ಅಲ್ಲಿನ ಭಾಷೆಯಲ್ಲಿ ಒಂದು ಪುಟ ಲಗತ್ತಿಸಿ. ಓದುವವರಿಗೆ ಸುಲಭವಾದರೆ ನಮ್ಮ ಕೆಲಸ ಬೇಗ ಆಗುತ್ತದೆ. ಒಂದು ಪ್ರತಿಗೆ ಸೀಲು, ದಿನಾಂಕ ಹಾಕಿಸದೆ ಕಚೇರಿ ಬಿಟ್ಟು ಬರಬೇಡಿ. ಸೀಲಿಲ್ಲದ ಚಲನ್ ಚಲನ್ ಅಲ್ಲ. ಆಗಲಿಲ್ಲ ಅಂದರೆ 350ಬಿ ವಿಧಿಯಡಿ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಅದೇ ಪ್ರತಿ ಕಳಿಸಿ.

ನಾಲ್ಕನೆಯದು, ಮತದಾನದ ದಿನದ ಮೂರು ಮಾತು ಊರಿಗೆಲ್ಲ ಗೊತ್ತಿರಲಿ. 85 ದಾಟಿದವರು, 40 ಶೇಕಡಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ನಮೂನೆ 12ಡಿ ಕೊಟ್ಟರೆ ಮನೆಯಿಂದಲೇ ಓಟು ಹಾಕಬಹುದು. ಅಧಿಸೂಚನೆ ಬಂದ ಐದು ದಿನದೊಳಗೆ ಅದು ತಲುಪಬೇಕು. ಕಣ್ಣು ಕಾಣದವರು, ಅಶಕ್ತರು 18 ದಾಟಿದ ಒಬ್ಬರನ್ನು ಜೊತೆಗೆ ಒಳಗೆ ಕರೆದೊಯ್ಯಬಹುದು, ಆದರೆ ಒಬ್ಬರು ಆ ದಿನ ಒಬ್ಬರಿಗೇ ಸಂಗಾತಿ. ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಇರುವವರಿಗೆಲ್ಲ ಚೀಟಿ ಕೊಟ್ಟು ಓಟು ಹಾಕಿಸಲೇಬೇಕು, ರಾತ್ರಿ ಆದರೂ ಸರಿ. "ಟೈಮ್ ಆಯ್ತು, ಮನೆಗೆ ಹೋಗಿ" ಅಂತ ಯಾರಾದರೂ ಅಂದರೆ ಸಾಲು ಬಿಡಬೇಡಿ.

ಗೆಳೆಯರೇ, ಇದು ತಮಿಳರ ಮೇಲೆ, ಮರಾಠಿಗರ ಮೇಲೆ, ಮಲಯಾಳಿಗಳ ಮೇಲೆ, ತೆಲುಗರ ಮೇಲೆ ಜಗಳವಲ್ಲ. ಅವರ ಜೊತೆ ಒಂದೇ ಬಸ್ಸಿನಲ್ಲಿ ಓಡಾಡುವವರು ನಾವು. ಸಾಲು ಬೇಗ ಸರಿದರೆ ಅವರ ಅವ್ವನೂ ಬೇಗ ಮನೆ ಸೇರುತ್ತಾಳೆ.

ಆ ದಿನ ಬಸವಣ್ಣ ತಾತ ಹೊರಗೆ ಹೋಗುವಾಗ ಶಾಯಿ ಹಚ್ಚಿದ ಬೆರಳು ನೋಡಿಕೊಂಡು ನಮ್ಮನ್ನು ಕೇಳಿದರು: "ಈಗ ಓಟು ಬಿದ್ದದ್ದು ನನಗಾ, ಆ ಪಸವಣ್ಣನಿಗಾ?" ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಅವರು ಕೇಳಿದ್ದು ನಿಜವಾದ ಪ್ರಶ್ನೆ. ಮುಂದಿನ ಚುನಾವಣೆಯೊಳಗೆ ನಿಮ್ಮ ನಿಮ್ಮ ಊರಿನ ಒಬ್ಬೊಬ್ಬ ತಾತನ, ಅವ್ವನ ಹೆಸರನ್ನು ನೀವು ಸರಿಮಾಡಿಸಿದರೆ ಅದಕ್ಕೆ ಉತ್ತರ ಸಿಕ್ಕ ಹಾಗೆ.

ಕರಡು ಪಟ್ಟಿಯ ನೋಟಿಸ್ ನಿಮ್ಮ ಊರಿನಲ್ಲಿ ಕಂಡರೆ ಫೋಟೊ ತೆಗೆದು ನಿಮ್ಮ ವಾಟ್ಸಾಪ್ ಗುಂಪಿಗೆ ಹಾಕಿ. ಅರ್ಜಿ ಬರೆಯಲು ನಾವು ಜೊತೆಗಿದ್ದೇವೆ.

ಸಿರಿಗನ್ನಡಂ ಗೆಲ್ಗೆ.